ಪಾರ್ಶ್ವವಾಯುವಿನ ನಂತರ ಒಂದೆಡೆ ನಿಲ್ಲದ ಗಮನ: ತಲೆಗೆ ಕರೆಂಟ್, ಕೈಗೆ ಕೆಲಸ – ಪದೇ ಪದೇ ಕೇಳುವ ಪ್ರಶ್ನೆಗಳು

ಪಾರ್ಶ್ವವಾಯುವಿಗೆ ಚಿಕಿತ್ಸೆ ಪಡೆದು ಮನೆ ಸೇರಿದವರ ಕಡೆಯವರು ಎರಡು ಮೂರು ತಿಂಗಳ ನಂತರ ಕೇಳುವ ಪ್ರಶ್ನೆಗಳಿವು. ಇತ್ತೀಚೆಗೆ ಮೊಬೈಲಿನಲ್ಲಿ ಯಾವುದೋ ವಿಡಿಯೊ ತೋರಿಸಿ, 'ಮೆದುಳಿಗೆ ಕರೆಂಟ್ ಹಾಯಿಸಿದರೆ ಗಮನ ವಾಪಸು ಬರುತ್ತದಂತೆ, ಹೌದೇ?' ಎನ್ನುವವರು ಹೆಚ್ಚಾಗಿದ್ದಾರೆ. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸುವಂಥ ಪ್ರಶ್ನೆ ಅದಲ್ಲ.

ಕೈಕಾಲು ಆಡುತ್ತಿವೆ, ಮಾತೂ ಸರಿಯಾಗಿದೆ. ಆದರೂ ನಮ್ಮ ತಂದೆ ಮೊದಲಿನಂತಿಲ್ಲ. ಏನಾಗಿದೆ?

ಇದು ಹೆಚ್ಚಾಗಿ ಕಾಣುವುದು ದಿನವಿಡೀ ಜೊತೆಗಿರುವ ಹೆಂಡತಿಗೋ ಸೊಸೆಗೋ. ಹಾಲು ಉಕ್ಕುತ್ತಿದ್ದರೂ ಒಲೆಯ ಮುಂದೆ ಸುಮ್ಮನೆ ನಿಂತಿರುತ್ತಾರೆ. ಪತ್ರಿಕೆ ಹಿಡಿದರೆ ಎರಡನೆಯ ಪ್ಯಾರಾ ಹೊತ್ತಿಗೆ ಮಡಚಿಡುತ್ತಾರೆ. ಒಬ್ಬರು ಮಾತಾಡಿದರೆ ಉತ್ತರ ಕೊಡುತ್ತಾರೆ, ಇಬ್ಬರು ಒಟ್ಟಿಗೆ ಮಾತಾಡಿದರೆ ಸಿಡುಕಿ ಎದ್ದು ಹೋಗುತ್ತಾರೆ. ಚಿಲ್ಲರೆ ಎಣಿಸುವಾಗ ಯಾರಾದರೂ ಕರೆದರೆ ಮತ್ತೆ ಮೊದಲಿನಿಂದ ಎಣಿಸಬೇಕು. ಡಿಸ್ಚಾರ್ಜ್ ಕಾಗದದಲ್ಲಿ ಇದಾವುದೂ ಬರೆದಿರುವುದಿಲ್ಲ. ನೆಂಟರು ನೋಡಲು ಬಂದಾಗ ಹತ್ತು ನಿಮಿಷ ಚೆನ್ನಾಗಿಯೇ ಮಾತಾಡುವುದರಿಂದ, 'ಚೆನ್ನಾಗಿದ್ದಾರಲ್ಲ, ನೀವೇ ಸುಮ್ಮನೆ ಗಾಬರಿಯಾಗಿದ್ದೀರಿ' ಎಂಬ ಮಾತೂ ಮನೆಯವರಿಗೆ ಸಿಗುತ್ತದೆ.

ಕೆಟ್ಟಿರುವುದು ಗಮನ. ಗಮನ ಎಂಬುದು ಒಂದೇ ಶಕ್ತಿಯಲ್ಲ. ಎಂಟು ಪೃಚ್ಛಕರು ಒಡ್ಡುವ ಸವಾಲುಗಳನ್ನು ಒಬ್ಬ ಅವಧಾನಿ ನಿಭಾಯಿಸುವ ಅಷ್ಟಾವಧಾನ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಅವಧಾನಿ ಗಂಟೆಗಟ್ಟಲೆ ಸಡಿಲವಾಗದೆ ಕೂರಬೇಕು. ಅದು ಗಮನದ ತಾಳಿಕೆ. ಅಪ್ರಸ್ತುತ ಪ್ರಸಂಗದವರು ಎಷ್ಟೇ ಕೆಣಕಿದರೂ ಕಟ್ಟುತ್ತಿರುವ ಪದ್ಯದ ಎಳೆ ಕೈತಪ್ಪಬಾರದು. ಅದು ಬೇಕಾದ್ದನ್ನು ಆರಿಸಿಕೊಂಡು ಬೇಡದ್ದನ್ನು ಹೊರಗಿಡುವ ಗಮನ. ಒಬ್ಬ ಪೃಚ್ಛಕರಿಂದ ಇನ್ನೊಬ್ಬರಿಗೆ ಹೊರಳಬೇಕು, ಕೆಲವು ಅವಧಾನಗಳಲ್ಲಿ ನಡುನಡುವೆ ಬಾರಿಸುವ ಗಂಟೆಯ ಲೆಕ್ಕವನ್ನೂ ಇಡಬೇಕು. ಅದು ಹೊರಳುವ ಗಮನ, ಹಂಚಿಕೊಳ್ಳುವ ಗಮನ. ನಮ್ಮೆಲ್ಲರಲ್ಲೂ ಇವು ಸಣ್ಣ ಅಳತೆಯಲ್ಲಿ ಇರುತ್ತವೆ, ಇಲ್ಲದಿದ್ದರೆ ರಸ್ತೆ ದಾಟಲೂ ಆಗುತ್ತಿರಲಿಲ್ಲ. ಪಾರ್ಶ್ವವಾಯು ಇವುಗಳಲ್ಲಿ ಒಂದನ್ನೋ ಎರಡನ್ನೋ ಕೆಡಿಸಿರುತ್ತದೆ. ಆಗ ಮನೆಯ ಟಿವಿಯೇ ಅಪ್ರಸ್ತುತ ಪ್ರಸಂಗಿ.

ಇದು ಮರೆವಲ್ಲವೇ?

ಬಹಳ ಸಲ ಅಲ್ಲ. ಒಳಗೆ ಹೋಗದ ಮಾತು ನೆನಪಾಗಿ ಹೊರಗೆ ಬರುವುದಿಲ್ಲ. ಟಿವಿ ಆರಿಸಿ, ಎದುರು ಕೂತು, ಒಂದೇ ವಿಷಯ ಹೇಳಿ, ಅರ್ಧ ಗಂಟೆ ಬಿಟ್ಟು ಕೇಳಿ ನೋಡಿ. ಆಗ ಹೇಳಿದರೆ ಮೊದಲು ಅನುಮಾನಿಸಬೇಕಾದದ್ದು ಗಮನವನ್ನು. ಮನೆಯ ಈ ಪರೀಕ್ಷೆ ತಜ್ಞರ ಪರೀಕ್ಷೆಗೆ ಬದಲಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅರಿವಿನ ಪರೀಕ್ಷೆಗಳ ಕಟ್ಟು ಕನ್ನಡದಲ್ಲೂ ಇದೆ, ಆದ್ದರಿಂದ ಇಂಗ್ಲಿಷ್ ಬಾರದವರನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿ 'ಅಂಕ ಕಡಿಮೆ' ಎಂದರೆ ಒಪ್ಪಿಕೊಳ್ಳಬೇಕಾಗಿಲ್ಲ.

ಊಟದ ಎಲೆಯಲ್ಲಿ ಎಡಗಡೆ ಬಡಿಸಿದ್ದನ್ನು ಮುಟ್ಟುವುದೇ ಇಲ್ಲ. ಕಣ್ಣಿನ ದೋಷವೇ?

ಕಣ್ಣು ಸರಿಯಿದ್ದೂ ಹೀಗಾಗಬಹುದು. ಮೆದುಳಿನ ಬಲಭಾಗಕ್ಕೆ, ಅದರಲ್ಲೂ ಕಿವಿಯ ಮೇಲೆ ತುಸು ಹಿಂದಿರುವ ಭಾಗಕ್ಕೆ ಪೆಟ್ಟು ಬಿದ್ದಾಗ ಪ್ರಪಂಚದ ಎಡಭಾಗವೇ ಗಮನದಿಂದ ಜಾರಿಹೋಗುತ್ತದೆ. ಎಲೆಯ ಎಡತುದಿಯ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಹಾಗೆಯೇ ಉಳಿಯುತ್ತವೆ. ಬಲಗೆನ್ನೆಯ ಗಡ್ಡ ಮಾತ್ರ ಬೋಳಿಸಿರುತ್ತಾರೆ. ಎಡಗಡೆಯ ಬಾಗಿಲ ಚೌಕಟ್ಟಿಗೆ ಹೆಗಲು ತಾಗಿಸಿಕೊಳ್ಳುತ್ತಾರೆ. ಓದುವಾಗ ಪದದ ಮೊದಲಕ್ಷರ ತಪ್ಪುತ್ತದೆ. ಬಸ್ಸಿನ ಬೋರ್ಡಿನಲ್ಲಿ 'ಮಂಗಳೂರು' ಎಂದಿದ್ದರೆ 'ಬೆಂಗಳೂರು' ಎಂದು ಓದಬಹುದು, ಏಕೆಂದರೆ ಅವರಿಗೆ ದಕ್ಕಿದ್ದು 'ಗಳೂರು' ಮಾತ್ರ, ಉಳಿದದ್ದನ್ನು ಮೆದುಳು ತಾನೇ ತುಂಬಿಕೊಂಡಿತು. ಕೇಳಿದರೆ 'ನನಗೇನೂ ಆಗಿಲ್ಲ' ಎನ್ನುತ್ತಾರೆ. ಅದು ಹಟವಲ್ಲ, ಇಲ್ಲದಿರುವುದು ಇಲ್ಲವೆಂದು ತಿಳಿಯುವುದಕ್ಕೂ ಗಮನವೇ ಬೇಕು.

ಮೆದುಳಿನ ಎರಡು ಅರ್ಧಗಳನ್ನು ನೊಗಕ್ಕೆ ಕಟ್ಟಿದ ಜೋಡೆತ್ತು ಎಂದುಕೊಳ್ಳಿ. ಒಂದು ಎತ್ತು ಸೋತರೆ ಇನ್ನೊಂದು ಗಾಡಿಯನ್ನೇ ಓರೆಗೆ ಎಳೆಯುತ್ತದೆ. ಬಲ ಅರ್ಧ ಸೋತಾಗ ಎಡ ಅರ್ಧ ಅತಿಯಾಗಿ ಚುರುಕಾಗಿ ಗಮನವನ್ನೆಲ್ಲ ಬಲಗಡೆಗೆ ಎಳೆಯುತ್ತದೆ ಎಂಬ ವಿವರಣೆಯನ್ನು ಸಂಶೋಧಕರು ಬಹುಕಾಲದಿಂದ ಕೊಡುತ್ತಿದ್ದಾರೆ. ಎಲ್ಲರೂ ಒಪ್ಪಿದ ವಿವರಣೆಯಲ್ಲ, ಆದರೆ ಚಿಕಿತ್ಸೆಯ ಒಂದು ದಾರಿ ಹುಟ್ಟಿದ್ದು ಇದರಿಂದಲೇ: ಸೋತ ಎತ್ತನ್ನು ಎಬ್ಬಿಸಿ, ಇಲ್ಲವೇ ಎಳೆಯುವ ಎತ್ತಿನ ಮೂಗುದಾರ ಹಿಡಿಯಿರಿ.

ಮೆದುಳಿಗೆ ಕರೆಂಟ್ ಎಂದರೆ ಶಾಕ್ ಕೊಡುವುದೇ?

ಅಲ್ಲ. ಮಾನಸಿಕ ಕಾಯಿಲೆಗಳಿಗೆ ಕೊಡುವ ಇಸಿಟಿಯಲ್ಲಿ ಅರಿವಳಿಕೆ ಕೊಟ್ಟು, ಸುಮಾರು 800 ಮಿಲಿಆಂಪಿಯರ್ ವಿದ್ಯುತ್ತನ್ನು ಕೆಲವೇ ಸೆಕೆಂಡು ಹಾಯಿಸಿ, ಬೇಕೆಂದೇ ಫಿಟ್ಸ್ ಬರಿಸುತ್ತಾರೆ. ಇಲ್ಲಿ ಹೇಳುತ್ತಿರುವುದು ಟಿಡಿಸಿಎಸ್, ಅಂದರೆ ತಲೆಬುರುಡೆಯ ಮೂಲಕ ಸಣ್ಣ ನೇರ ವಿದ್ಯುತ್ ಹಾಯಿಸುವ ವಿಧಾನ. ಇದರಲ್ಲಿ ಹರಿಯುವುದು 1ರಿಂದ 2 ಮಿಲಿಆಂಪಿಯರ್. ಉಪ್ಪುನೀರಿನಲ್ಲಿ ನೆನೆಸಿದ ಎರಡು ಸ್ಪಂಜನ್ನು ತಲೆಯ ಮೇಲೆ ಪಟ್ಟಿಯಿಂದ ಬಿಗಿಯುತ್ತಾರೆ, ಎಚ್ಚರವಾಗಿ ಕೂತು ಕೆಲಸ ಮಾಡುತ್ತಿರುವಾಗಲೇ 20ರಿಂದ 30 ನಿಮಿಷ ಕೊಡುತ್ತಾರೆ. ಮೊದಲ ಒಂದೆರಡು ನಿಮಿಷ ಇರುವೆ ಹರಿದಂತೆ ಚುಮುಗುಟ್ಟುತ್ತದೆ. ತಲೆಗೆ ವಿದ್ಯುತ್ ಕೊಡುವ ಆಸೆ ಹೊಸದಲ್ಲ. ಮೊದಲ ಶತಮಾನದ ರೋಮ್‌ನಲ್ಲಿ ಸ್ಕ್ರಿಬೋನಿಯಸ್ ಲಾರ್ಗಸ್ ಎಂಬ ವೈದ್ಯ ತಲೆನೋವಿಗೆ ಜೀವಂತ ವಿದ್ಯುತ್ ಮೀನನ್ನು ಹಣೆಗೆ ಇಡಿಸುತ್ತಿದ್ದ. ಸ್ಪಂಜು ಅದಕ್ಕಿಂತ ಸೌಮ್ಯ.

ಅಷ್ಟು ಸಣ್ಣ ಕರೆಂಟು ಏನು ಮಾಡೀತು?

ನ್ಯಾಯವಾದ ಅನುಮಾನ. ಅದರ ದೊಡ್ಡ ಪಾಲು ಚರ್ಮದಲ್ಲೇ ಹರಿದುಹೋಗುತ್ತದೆ, ಸ್ವಲ್ಪ ಮಾತ್ರ ತಲೆಬುರುಡೆ ದಾಟುತ್ತದೆ. ಆ ಸ್ವಲ್ಪ ನರಕೋಶವನ್ನು ಸಿಡಿಸುವುದಿಲ್ಲ, ಅಂದರೆ ಅದು ಸಂಕೇತ ಹೊರಡಿಸುವಂತೆ ಮಾಡುವುದಿಲ್ಲ. ಕೋಶದ ಒಳಹೊರಗಿನ ವಿದ್ಯುತ್ ವ್ಯತ್ಯಾಸವನ್ನು ತುಸು ಸರಿಸಿ, ಅದು ಸುಲಭವಾಗಿ ಸಿಡಿಯುವ ಸ್ಥಿತಿಗೆ ತಂದಿಡುತ್ತದೆ, ಅಷ್ಟೇ. 2000ದಲ್ಲಿ ಜರ್ಮನಿಯ ಗಾಟಿಂಗೆನ್‌ನಲ್ಲಿ ನಿಚ್ ಮತ್ತು ಪೌಲುಸ್ ಇದನ್ನು ಮನುಷ್ಯರ ಚಲನೆಯ ಕೇಂದ್ರದ ಮೇಲೆ ತೋರಿಸಿದರು. ಧನ ತುದಿಯ ಕೆಳಗೆ ಕೋಶಗಳು ಚುರುಕಾದವು, ಋಣ ತುದಿಯ ಕೆಳಗೆ ಮಂಕಾದವು. ಪರಿಣಾಮ ಕರೆಂಟ್ ನಿಲ್ಲಿಸಿದ ಮೇಲೂ ಕೆಲವು ನಿಮಿಷ ಉಳಿಯಿತು.

ರೈತರಿಗೆ ನಾನು ಹೇಳುವುದು ಹೀಗೆ: ಇದು ಹೊಲದ ಹದ. ಮಳೆ ಬಿದ್ದು ಮಣ್ಣು ಹದವಾದರೆ ಬೀಜ ಬೇಗ ಹುಟ್ಟುತ್ತದೆ. ಆದರೆ ಬೀಜ ಬಿತ್ತದೆ ಹದವೊಂದೇ ಇದ್ದರೆ ಹುಟ್ಟುವುದು ಕಳೆ. ಬೀಜ ಎಂದರೆ ತರಬೇತಿ.

ಹಾಗಾದರೆ ಎರಡನ್ನೂ ಒಟ್ಟಿಗೇ ಮಾಡಬೇಕೇ?

ಹೌದು, ಮತ್ತು ಈ ಇಡೀ ವಿಷಯದಲ್ಲಿ ತಿಳಿಯಬೇಕಾದದ್ದು ಹೆಚ್ಚಾಗಿ ಇಷ್ಟೇ. ಸ್ಪಂಜಿನ ಕೆಳಗಿನ ಕರೆಂಟಿಗೆ ಯಾವ ಜಾಲ ಗಮನದ್ದು, ಯಾವುದು ಬೇರೆಯದು ಎಂಬ ವಿವೇಚನೆ ಇಲ್ಲ. ಆ ಹೊತ್ತಿಗೆ ಯಾವ ಜಾಲ ದುಡಿಯುತ್ತಿದೆಯೋ ಅದಕ್ಕೆ ಹೆಚ್ಚು ಒತ್ತಾಸೆ ಸಿಗುತ್ತದೆ ಎಂಬುದು ಈಗಿನ ತಿಳಿವಳಿಕೆ. ತೂಕಡಿಸುತ್ತಿರುವವರಿಗೋ ಫೋನಿನಲ್ಲಿ ವಿಡಿಯೊ ನೋಡುತ್ತಿರುವವರಿಗೋ ಕೊಟ್ಟರೆ ಒತ್ತಾಸೆ ಹೋಗುವುದು ಅತ್ತ. ಆದ್ದರಿಂದ ಟಿಡಿಸಿಎಸ್ ಹಾಯುತ್ತಿರುವಾಗಲೇ ಗಮನದ ಕೆಲಸ ಮಾಡಿಸುತ್ತಾರೆ. ಯಾವುದಾದರೂ ಕೇಂದ್ರದಲ್ಲಿ ಯಂತ್ರ ಹಚ್ಚಿ 'ಆರಾಮವಾಗಿ ಕಣ್ಣು ಮುಚ್ಚಿ ಕೂತಿರಿ' ಎಂದರೆ, ತರಬೇತಿ ಯಾವಾಗ ಎಂದು ಕೇಳಿ.

ಟಿಎಂಎಸ್ ಎಂಬುದೂ ಇದೆಯಂತೆ. ಅದು ಬೇರೆಯೇ?

ಬೇರೆ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥನಿ ಬಾರ್ಕರ್ ತಂಡ ಮೊದಲು ಮಾಡಿ ತೋರಿಸಿದ ಯಂತ್ರ ಅದು. ತಲೆಯ ಹತ್ತಿರ ಹಿಡಿದ ಸುರುಳಿಯಲ್ಲಿ ಕ್ಷಣಮಾತ್ರ ಭಾರೀ ವಿದ್ಯುತ್ ಹರಿಸಿ, ಅದರಿಂದ ಹುಟ್ಟುವ ಕಾಂತಕ್ಷೇತ್ರದ ಮೂಲಕ ಮೆದುಳಿನಲ್ಲಿ ವಿದ್ಯುತ್ ಏಳುವಂತೆ ಮಾಡುತ್ತಾರೆ. ಇದು ಕೋಶಗಳನ್ನು ನಿಜವಾಗಿಯೇ ಸಿಡಿಸುತ್ತದೆ, ಗುರಿಯೂ ಹೆಚ್ಚು ನಿಖರ. ಸೆಕೆಂಡಿಗೆ ಒಂದರಂತೆ ಬಡಿದರೆ ಆ ಭಾಗ ಸಾಮಾನ್ಯವಾಗಿ ಮಂಕಾಗುತ್ತದೆ, ಐದು ಅಥವಾ ಹೆಚ್ಚು ಬಾರಿ ಬಡಿದರೆ ಚುರುಕಾಗುತ್ತದೆ. ಟಕಟಕ ಸದ್ದಿಗೆ ಕಿವಿಗೆ ಬಿರಡೆ ಬೇಕು. ತಲೆ ಅಲುಗಬಾರದು, ಸದ್ದೂ ಇರುತ್ತದೆ. ಅದಕ್ಕೇ ಹೆಚ್ಚಾಗಿ ಇದನ್ನು ಮೊದಲು ಮುಗಿಸಿ, ಅದರ ಬೆನ್ನಿಗೇ ತರಬೇತಿಗೆ ಕೂರಿಸುತ್ತಾರೆ. ಟಿಡಿಸಿಎಸ್ ಯಂತ್ರ ಅಗ್ಗ, ಚೀಲದಲ್ಲಿ ಹಾಕಿಕೊಂಡು ಹೋಗಬಹುದು. ಟಿಎಂಎಸ್ ಯಂತ್ರಕ್ಕೆ ಕೋಣೆಯೇ ಬೇಕು.

ತರಬೇತಿ ಎಂದರೆ ಕಂಪ್ಯೂಟರ್ ಆಟವೇ?

ಆಗಿರಲೇಬೇಕೆಂದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ರೂಪುಗೊಂಡ ಅರಿವಿನ ಮರುತರಬೇತಿಯಲ್ಲಿ ಬೇರೆ ಬೇರೆ ಕಾಳುಗಳನ್ನು ಬೆರೆಸಿಟ್ಟು ವಿಂಗಡಿಸುವ ಕೆಲಸವಿದೆ. ಮೊರದ ಮುಂದೆ ಕೂತು ಬೇಳೆಯಲ್ಲಿ ಕಲ್ಲು ಆರಿಸಿದ ಅಜ್ಜಿಗೆ ಈ ಕೆಲಸದ ಬಗ್ಗೆ ಭಾಷಣ ಬೇಕಾಗಿಲ್ಲ. ಕಂಪ್ಯೂಟರ್ ಮುಂದೆ ಕೂರಿಸಿದರೆ ಹೆದರುವವರು ಇದನ್ನು ಸಲೀಸಾಗಿ ಹಿಡಿಯುತ್ತಾರೆ. ಎಷ್ಟು ನಿಮಿಷ ಬೇಕಾಯಿತು, ಎಷ್ಟು ಕಾಳು ತಪ್ಪು ಬಟ್ಟಲಿಗೆ ಬಿತ್ತು ಎಂದು ಬರೆದಿಟ್ಟರೆ ಅಳತೆಯೂ ಆಯಿತು.

ಇನ್ನೊಂದು, ಅಕ್ಷರ ಹೊಡೆದುಹಾಕುವುದು. ಪ, ಷ, ವ, ಮ ತುಂಬಿದ ಹಾಳೆಯಲ್ಲಿ 'ಷ'ಗಳನ್ನು ಮಾತ್ರ ಗೆರೆ ಎಳೆದು ಹೊಡೆಯಬೇಕು. ಕನ್ನಡದ ಲಿಪಿ ಈ ಆಟಕ್ಕೆ ಹೇಳಿ ಮಾಡಿಸಿದಂತಿದೆ. ಸಲೀಸಾದ ಮೇಲೆ ರೇಡಿಯೊ ಹಚ್ಚಿ ಅದನ್ನೇ ಮಾಡಿಸುತ್ತಾರೆ. ಆಮೇಲೆ ಒಂದು ಸಾಲಿನಲ್ಲಿ 'ಷ', ಮುಂದಿನ ಸಾಲಿನಲ್ಲಿ 'ಪ' ಹೊಡೆಯಬೇಕು. ಕೊನೆಗೆ ಅಕ್ಷರ ಹೊಡೆಯುತ್ತಲೇ, ನಡುವೆ ಚಪ್ಪಾಳೆ ಎಷ್ಟು ಸಲ ಕೇಳಿತು ಎಂದು ಎಣಿಸಬೇಕು. ಸುಲಭವಾದ ಕೆಲಸವನ್ನೇ ತಿಂಗಳುಗಟ್ಟಲೆ ಮಾಡಿಸಿದರೆ ಅದು ಕಾಲಹರಣ. ತೀರಾ ಕಷ್ಟವಾದರೆ ಸಿಟ್ಟು. ಹತ್ತರಲ್ಲಿ ಏಳೆಂಟು ಸರಿ ಬರುವ ಮಟ್ಟದಲ್ಲಿ ಇಡುವುದು ನನ್ನ ರೂಢಿ.

ಎಡಬದಿಯನ್ನು ಗಮನಿಸದೆ ಬಿಡುವವರಿಗೆ ಹಾಳೆಯ ಎಡ ಅಂಚಿಗೆ ದಪ್ಪ ಕೆಂಪು ಗೆರೆ ಎಳೆದು, ಪ್ರತಿ ಸಾಲಿಗೂ ಆ ಗೆರೆ ಕಾಣುವವರೆಗೆ ತಲೆ ಹೊರಳಿಸಿದ ಮೇಲೆಯೇ ಓದಬೇಕೆಂದು ಕಲಿಸುತ್ತಾರೆ. ಊಟದ ತಟ್ಟೆಯ ಅಂಚಿಗೂ ಇದೇ ಉಪಾಯ ನಡೆಯುತ್ತದೆ.

ಒಂದು ದಿನದ ಚಿಕಿತ್ಸೆ ಹೇಗಿರುತ್ತದೆ?

ಒಟ್ಟು ಒಂದು ಗಂಟೆ ಇಟ್ಟುಕೊಳ್ಳಿ. ಟೇಪಿನಿಂದ ತಲೆ ಅಳೆದು ಜಾಗ ಗುರುತಿಸುತ್ತಾರೆ. ಗಮನದ ತಾಳಿಕೆಗೆ ಹೆಚ್ಚಾಗಿ ಆರಿಸುವ ಜಾಗ ಹಣೆಯ ಎಡಮೇಲ್ಭಾಗ, ಕೂದಲು ಶುರುವಾದ ಮೇಲೆ ತುಸು ಹಿಂದೆ. ಇನ್ನೊಂದು ಸ್ಪಂಜು ಬಲಹುಬ್ಬಿನ ಮೇಲೆ. ಕರೆಂಟನ್ನು ಅರ್ಧ ನಿಮಿಷದಲ್ಲಿ ಮೆಲ್ಲಗೆ ಏರಿಸುತ್ತಾರೆ, ಕೆಲಸ ಶುರುವಾಗುತ್ತದೆ. ಹೆಚ್ಚಿನ ಅಧ್ಯಯನಗಳಲ್ಲಿ ವಾರಕ್ಕೆ ಐದು ದಿನದಂತೆ ಎರಡರಿಂದ ನಾಲ್ಕು ವಾರ.

ಯಾವ ಕೈಪಿಡಿಯಲ್ಲೂ ದೊಡ್ಡದಾಗಿ ಬರೆಯದ, ಆದರೆ ನಮ್ಮಲ್ಲಿ ದಿನವೂ ಎದುರಾಗುವ ತೊಂದರೆ ಕೊಬ್ಬರಿ ಎಣ್ಣೆ. ಎಣ್ಣೆಯ ಮೂಲಕ ವಿದ್ಯುತ್ ಹರಿಯುವುದಿಲ್ಲ. ಎಣ್ಣೆ ಹಚ್ಚಿ ನುಣ್ಣಗೆ ಬಾಚಿದ ತಲೆಯ ಮೇಲೆ ಸ್ಪಂಜು ಇಟ್ಟರೆ ಯಂತ್ರ 'ಸಂಪರ್ಕ ಸರಿಯಿಲ್ಲ' ಎಂದು ಕೂಗುತ್ತದೆ, ಒರೆಸಿ ಒರೆಸಿ ಅರ್ಧ ಗಂಟೆ ಹೋಗುತ್ತದೆ. ವಿಭೂತಿ, ಗಂಧ, ಕುಂಕುಮವನ್ನು ಸ್ಪಂಜು ಕೂರುವ ಜಾಗದಿಂದ ಒರೆಸಿಕೊಳ್ಳಬೇಕು. ಬೇಸರ ಮಾಡಿಕೊಳ್ಳಬೇಡಿ, ಮುಗಿದ ಮೇಲೆ ಮತ್ತೆ ಇಟ್ಟುಕೊಳ್ಳಬಹುದು.

ಇದರಿಂದ ಗುಣವಾಗುತ್ತದೆ ಎಂಬುದಕ್ಕೆ ಆಧಾರವಿದೆಯೇ?

ಆಸೆ ಹುಟ್ಟಿಸುವಷ್ಟು ಇದೆ, ಭರವಸೆ ಕೊಡುವಷ್ಟು ಇಲ್ಲ. 2009ರಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು ಪಾರ್ಶ್ವವಾಯುವಿನ ನಂತರ ಗಮನ ಕುಂದಿದ್ದ 10 ಜನರಿಗೆ 2 ಮಿಲಿಆಂಪಿಯರ್ ಕರೆಂಟನ್ನು 20 ನಿಮಿಷ ಕೊಟ್ಟರು. 'ಈ ಗುರುತು ಬಂದರೆ ಒತ್ತು, ಆ ಗುರುತು ಬಂದರೆ ಒತ್ತಬೇಡ' ಎಂಬ ಪರೀಕ್ಷೆಯಲ್ಲಿ ನಿಖರತೆ ಹೆಚ್ಚಿತು. ಚೆನ್ನಾಗಿದೆ. ಆದರೆ ಹತ್ತೇ ಜನ, ಒಂದೇ ಸಲದ ಕರೆಂಟ್, ಅಳೆದದ್ದು ಕೆಲವೇ ಗಂಟೆಯ ಫಲ.

ಎಡಬದಿ ಬಿಡುವವರ ವಿಷಯದಲ್ಲಿ ಫಲ ಸ್ವಲ್ಪ ಗಟ್ಟಿ. 2012ರಲ್ಲಿ ರೋಮ್‌ನಲ್ಲಿ, ಅದೇ ವರ್ಷ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಸಂಶೋಧಕರು ಮೆದುಳಿನ ಎಡಭಾಗದ, ಅಂದರೆ ಎಳೆಯುವ ಎತ್ತಿನ ಮೇಲೆ ಟಿಎಂಎಸ್‌ನ ಒಂದು ಚುಟುಕು ಬಗೆಯನ್ನು ಪ್ರಯೋಗಿಸಿದರು. ನೂರಾರು ಬಡಿತಗಳು ಒಂದು ನಿಮಿಷದೊಳಗೇ ಮುಗಿಯುವ ಬಗೆ ಅದು. ರೋಮ್‌ನಲ್ಲಿ ಎರಡು ವಾರ ಕೊಟ್ಟವರಲ್ಲಿ ಸುಧಾರಣೆ ತಿಂಗಳ ನಂತರವೂ ಉಳಿದಿತ್ತು. ಬರ್ನ್‌ನವರು ಕಾಗದದ ಪರೀಕ್ಷೆಯ ಆಚೆಗೆ ದಿನನಿತ್ಯದ ಕೆಲಸಗಳಲ್ಲೂ ಬದಲಾವಣೆ ಕಂಡರು. ಈ ರೋಗಿಗಳು ಎಂದಿನ ಪುನಶ್ಚೇತನ ತರಬೇತಿಯಲ್ಲೂ ಇದ್ದರು ಎಂಬುದನ್ನು ಮರೆಯಬಾರದು.

ಇನ್ನು ತರಬೇತಿ ಒಂದರ ಮಾತು. 2009ರಲ್ಲಿ ನ್ಯೂಜಿಲೆಂಡಿನಲ್ಲಿ 78 ಜನರ ಮೇಲೆ ನಡೆದ ಅಧ್ಯಯನದಲ್ಲಿ ಹಂತಹಂತದ ಗಮನ ತರಬೇತಿ ಪಡೆದವರು ಗಮನದ ಪರೀಕ್ಷೆಯಲ್ಲಿ ಮೇಲೆ ಬಂದರು. ಆದರೆ ಕಾಕ್ರೇನ್ ಸಂಸ್ಥೆ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ 2019ರಲ್ಲಿ ಮತ್ತೆ ಜರಡಿ ಹಿಡಿದಾಗ ಉಳಿದದ್ದು 6 ಅಧ್ಯಯನ, 223 ಜನ. ತರಬೇತಿ ಮುಗಿದ ಕೂಡಲೇ ಹಂಚಿಕೊಳ್ಳುವ ಗಮನದಲ್ಲಿ ಲಾಭ ಕಂಡಿತು, ಅದು ಮುಂದೆ ಉಳಿಯುತ್ತದೆಂಬುದಕ್ಕೆ ಆಧಾರ ಸಿಗಲಿಲ್ಲ. ಪಾರ್ಶ್ವವಾಯು ಪ್ರಪಂಚದ ಎಷ್ಟು ಮನೆಗಳಲ್ಲಿದೆ, ಅಧ್ಯಯನಕ್ಕೆ ಸಿಕ್ಕವರು 223 ಜನ! ಕರೆಂಟನ್ನು ತರಬೇತಿಗೆ ಜೋಡಿಸುವ ಯೋಚನೆ ಮೂಡಿದ್ದೇ ಈ ಕೊರತೆಯಿಂದ: ಬಂದ ಲಾಭ ಬೇರು ಬಿಡುವಂತೆ ಮಾಡಬಹುದೇ ಎಂಬ ಹುಡುಕಾಟ.

ಪಾರ್ಶ್ವವಾಯುವಾದ ಮೊದಲ ಕೆಲವು ತಿಂಗಳು ಮೆದುಳು ತಾನಾಗಿಯೇ ಚೇತರಿಸಿಕೊಳ್ಳುತ್ತಿರುತ್ತದೆ. ಆಗ ಏನೇ ಚಿಕಿತ್ಸೆ ಕೊಟ್ಟರೂ 'ಅದರಿಂದಲೇ ಗುಣವಾಯಿತು' ಎನಿಸುತ್ತದೆ. ಅದಕ್ಕೇ ಒಳ್ಳೆಯ ಅಧ್ಯಯನಗಳಲ್ಲಿ ಅರ್ಧ ಜನರಿಗೆ ಹುಸಿ ಕರೆಂಟ್ ಕೊಡುತ್ತಾರೆ. ಮೊದಲ ಅರ್ಧ ನಿಮಿಷ ಚುಮುಗುಟ್ಟಿಸಿ ಸದ್ದಿಲ್ಲದೆ ನಿಲ್ಲಿಸಿಬಿಡುತ್ತಾರೆ. ಸ್ಪಂಜು ತಲೆಯ ಮೇಲೇ ಇರುತ್ತದೆ. ಹುಸಿಯವರೂ 'ಚುರುಕಾದೆ' ಎನ್ನುವುದುಂಟು. ಹೋಲಿಕೆ ಇಲ್ಲದ 'ನಮ್ಮಲ್ಲಿ ನೂರಕ್ಕೆ ತೊಂಬತ್ತು ಜನ ಗುಣಮುಖ' ಎಂಬ ಜಾಹೀರಾತಿಗೆ ಬೆಲೆ ಕೊಡಬೇಡಿ.

ಯಾರಿಗೆ ಇದು ಬೇಡ?

ತಲೆಯೊಳಗೆ ಲೋಹದ ಕ್ಲಿಪ್ ಇದ್ದವರು, ಕಿವಿಯಲ್ಲಿ ಕೇಳಿಸಲೆಂದು ಕೂರಿಸಿದ ಕಾಕ್ಲಿಯರ್ ಸಾಧನ ಅಥವಾ ಎದೆಯಲ್ಲಿ ಪೇಸ್‌ಮೇಕರ್ ಇರುವವರು ಮೊದಲೇ ಹೇಳಬೇಕು. ಫಿಟ್ಸ್ ಬಂದಿದ್ದರೆ ಟಿಎಂಎಸ್‌ನಲ್ಲಿ ಬಹಳ ಎಚ್ಚರ ಬೇಕು. ಮೆದುಳಿನ ಬಾವು ಇಳಿಸಲು ತಲೆಬುರುಡೆಯ ತುಂಡು ತೆಗೆದಿದ್ದರೆ ಕರೆಂಟು ಆ ಸಂದಿಯಿಂದ ಲೆಕ್ಕ ತಪ್ಪಿ ಒಳಗೆ ಹರಿಯಬಹುದು. ಗರ್ಭಿಣಿಯರಿಗೂ ನೆತ್ತಿಯ ಮೇಲೆ ಗಾಯ ಇರುವವರಿಗೂ ಬೇಡ.

ಮಾತ್ರೆಗಳ ಪಟ್ಟಿಯನ್ನು ತಪ್ಪದೆ ತೋರಿಸಿ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪೈನ್ ಟಿಡಿಸಿಎಸ್‌ನ ಪರಿಣಾಮವನ್ನು ತಗ್ಗಿಸುತ್ತದೆ. ಹಾಗೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಫಿಟ್ಸ್ ಬಂದರೆ ಗಮನದ ಮಾತು ಅಲ್ಲಿಗೇ ಮುಗಿಯಿತು.

ಅಡ್ಡಪರಿಣಾಮ?

ಟಿಡಿಸಿಎಸ್‌ಗೆ ನವೆ, ಚರ್ಮ ಕೆಂಪಾಗುವುದು, ಸಣ್ಣ ತಲೆನೋವು. ಸ್ಪಂಜು ಒಣಗಿದರೆ ಚರ್ಮ ಸುಡಬಹುದು, ಆದ್ದರಿಂದ ಉರಿ ಹೆಚ್ಚಾದ ಕೂಡಲೇ ಹೇಳಬೇಕು. ಟಿಎಂಎಸ್‌ನಿಂದ ಅಪರೂಪಕ್ಕೆ ಫಿಟ್ಸ್ ಬರಬಹುದು.

ಆನ್‌ಲೈನ್‌ನಲ್ಲಿ ಯಂತ್ರ ಸಿಗುತ್ತದೆ. ಮಗ ಎಂಜಿನಿಯರ್, ಮನೆಯಲ್ಲೇ ಮಾಡಿಕೊಳ್ಳಬಹುದೇ?

ಬೇಡ. ಒಂಬತ್ತು ವೋಲ್ಟಿನ ಬ್ಯಾಟರಿಯಿಂದಲೂ ಇಂಥ ಯಂತ್ರ ಕಟ್ಟಬಹುದು ಎಂಬುದು ನಿಜ. ಕಷ್ಟ ಇರುವುದು ಕಟ್ಟುವುದರಲ್ಲಲ್ಲ. ಪೆಟ್ಟು ಬಿದ್ದ ಮೆದುಳಿನಲ್ಲಿ ಸತ್ತ ಭಾಗದ ಜಾಗದಲ್ಲಿ ನೀರು ತುಂಬಿರುತ್ತದೆ, ಕರೆಂಟು ಆ ದಾರಿಯನ್ನೇ ಹುಡುಕುತ್ತದೆ. ಆರೋಗ್ಯವಂತರ ಚಿತ್ರ ನೋಡಿ ಸ್ಪಂಜಿನ ಜಾಗ ಗುರುತಿಸಿದರೆ ಅದು ಎಲ್ಲಿಗೋ ಹೋಗುತ್ತದೆ. ಎಡಬದಿ ಬಿಡುವವರಿಗೆ ಧನ, ಋಣ ತುದಿ ಅದಲುಬದಲಾದರೆ ಎಳೆಯುವ ಎತ್ತಿಗೇ ಚಾಟಿ ಕೊಟ್ಟಂತೆ.

ಕರ್ನಾಟಕದಲ್ಲಿ ಎಲ್ಲಿ ಸಿಗುತ್ತದೆ? ದುಡ್ಡು ಎಷ್ಟು?

ನಿಮ್ಹಾನ್ಸ್‌ನಲ್ಲಿ ಟಿಎಂಎಸ್, ಟಿಡಿಸಿಎಸ್ ಎರಡೂ ಇವೆ. ಅಲ್ಲಿ ಅವುಗಳ ಹೆಚ್ಚಿನ ಬಳಕೆ ಖಿನ್ನತೆ, ಸ್ಕಿಜೋಫ್ರೇನಿಯದಂಥ ಮನೋರೋಗಗಳಿಗೆ. ಪಾರ್ಶ್ವವಾಯುವಿನ ನಂತರದ ಗಮನಕ್ಕೆ ಇದು ಎಲ್ಲೂ ಇನ್ನೂ ವಾಡಿಕೆಯ ಚಿಕಿತ್ಸೆಯಾಗಿಲ್ಲ, ಆದ್ದರಿಂದ ಸಂಶೋಧನೆಯ ಭಾಗವಾಗಿ ಸಿಗುವುದೇ ಸರಿಯಾದ ದಾರಿ. ಸಂಶೋಧನೆ ಎಂದರೆ ಕೆಲವನ್ನು ಕೇಳುವ ಹಕ್ಕು ನಿಮಗಿದೆ: ನೈತಿಕ ಸಮಿತಿಯ ಒಪ್ಪಿಗೆ ಇದೆಯೇ, ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿಯಲ್ಲಿ ಸಂಖ್ಯೆ ಇದೆಯೇ, ಒಪ್ಪಿಗೆ ಪತ್ರ ಕನ್ನಡದಲ್ಲಿದೆಯೇ, ನಡುವೆ ಬಿಟ್ಟರೆ ಮಾಮೂಲಿ ಚಿಕಿತ್ಸೆಗೆ ಅಡ್ಡಿಯಿಲ್ಲವೇ. ಸಂಶೋಧನೆಗೆಂದು ನಿಮ್ಮಿಂದ ಹಣ ಕೇಳುವಂತಿಲ್ಲ. ಖಾಸಗಿಯಾಗಿ ಇಪ್ಪತ್ತು ಸಲದ ಪ್ಯಾಕೇಜಿಗೆ ಮುಂಗಡ ಕೇಳಿದರೆ, ಅದೇ ದುಡ್ಡಿನಲ್ಲಿ ಎಷ್ಟು ತಿಂಗಳ ತರಬೇತಿ ಆಗುತ್ತದೆ ಎಂದು ಲೆಕ್ಕ ಹಾಕಿ. ನಾನಾದರೆ ತರಬೇತಿಗೆ ಕೊಡುತ್ತೇನೆ.

ಅದಕ್ಕೂ ಮೊದಲು ನಾವು ಮಾಡಬಹುದಾದದ್ದು ಏನಾದರೂ ಇದೆಯೇ?

ಇದೆ, ಮತ್ತು ಇದನ್ನು ಬಿಟ್ಟು ಯಂತ್ರದ ಹಿಂದೆ ಹೋಗುವುದು ಸೋರುವ ಕೊಡಕ್ಕೆ ನೀರು ತುಂಬಿದಂತೆ. ಪಾರ್ಶ್ವವಾಯುವಾದ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಖಿನ್ನತೆಯಲ್ಲಿ ಯಾರ ಗಮನವೂ ನಿಲ್ಲುವುದಿಲ್ಲ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವವರಿಗೆ ರಾತ್ರಿ ನಿದ್ದೆಯೇ ಆಗಿರುವುದಿಲ್ಲ. ಕನ್ನಡಕದ ನಂಬರು, ಕಿವಿ, ಥೈರಾಯ್ಡ್, ಬಿ12, ಸಕ್ಕರೆ, ನಿದ್ದೆ ಬರಿಸುವ ಮಾತ್ರೆ ಎಲ್ಲವನ್ನೂ ವೈದ್ಯರ ಹತ್ತಿರ ಒಮ್ಮೆ ನೋಡಿಸಿ.

ಮನೆಯಲ್ಲಿ ಮಾತಾಡುವಾಗ ಟಿವಿ ಆರಿಸಿ. ಒಬ್ಬರ ನಂತರ ಒಬ್ಬರು ಮಾತಾಡಿ. 'ಸ್ನಾನ ಮಾಡಿ, ಮಾತ್ರೆ ತೆಗೆದುಕೊಂಡು, ತಿಂಡಿಗೆ ಬನ್ನಿ' ಎನ್ನುವುದನ್ನು ಮೂರು ಸಲ ಬೇರೆ ಬೇರೆಯಾಗಿ ಹೇಳಿ. ಕಷ್ಟದ ಕೆಲಸ ಬೆಳಿಗ್ಗೆ, ಅದೂ ಇಪ್ಪತ್ತು ನಿಮಿಷ, ಆಮೇಲೆ ವಿರಾಮ. ಮೊಬೈಲಿನಲ್ಲಿ ಹಣ ಕಳಿಸುವುದನ್ನು ಸದ್ಯಕ್ಕೆ ಇನ್ನೊಬ್ಬರು ಪಕ್ಕದಲ್ಲಿದ್ದಾಗ ಮಾತ್ರ ಮಾಡಲಿ. ವಂಚಕರು ಗಡಿಬಿಡಿ ಹುಟ್ಟಿಸಿಯೇ ಗೆಲ್ಲುವವರು.

ಸ್ಕೂಟರ್ ಓಡಿಸಬಹುದೇ?

ತಜ್ಞರು ಪರೀಕ್ಷಿಸಿ ಹೇಳುವವರೆಗೆ ಇಲ್ಲ. ಎಡಬದಿ ಬಿಡುವವರಂತೂ ಖಂಡಿತ ಇಲ್ಲ. 'ಊರೊಳಗಷ್ಟೇ ಓಡಿಸುತ್ತೇನೆ' ಎಂಬ ಚೌಕಾಸಿ ಪ್ರತಿ ಮನೆಯಲ್ಲೂ ನಡೆಯುತ್ತದೆ. ಕೀಲಿ ಬಚ್ಚಿಟ್ಟು ಜಗಳ ಮಾಡಿಕೊಳ್ಳುವುದಕ್ಕಿಂತ, ವೈದ್ಯರಿಂದಲೇ ಅವರ ಎದುರಿಗೆ ಹೇಳಿಸಿ ಚೀಟಿಯಲ್ಲಿ ಬರೆಸಿಕೊಳ್ಳಿ.

ಕೊನೆಯದಾಗಿ, ಚಿಕಿತ್ಸೆ ಇಲ್ಲದ ದಿನ ತಲೆಗೆ ಎಣ್ಣೆ ಹಚ್ಚಬಹುದೇ? ಅಮ್ಮ ಅದೊಂದನ್ನೇ ಕೇಳುತ್ತಿದ್ದಾರೆ.

ಧಾರಾಳವಾಗಿ. ಶನಿವಾರ ಹಚ್ಚಿ, ಭಾನುವಾರ ಸೀಗೆಕಾಯಿ ಹಾಕಿ ತಲೆಗೆ ಎರೆಯಿರಿ. ಸೋಮವಾರ ಒಣಗಿದ ತಲೆಯಲ್ಲಿ ಬರಲಿ.